ಲಾಕ್‌ಡೌನಿನಲ್ಲಿ ಗಂಡಸರು ಹಿಡಿದ ಮನೆಗೆಲಸ ಆಮೇಲೆ ಎಲ್ಲಿ ಹೋಯಿತು?

ಹೊಸನಗರದ ಶಿಕ್ಷಕಿ:

ಮಲೆನಾಡಿನ ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಉತ್ತರಿಸಿದರೆ ಒಳ್ಳೆಯದು.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ನಮ್ಮ ಕಡೆ ಮಾವಿನ ಮಿಡಿಯ ಕಾಲ. ಅದರ ಬೆನ್ನಿಗೇ ಹಲಸಿನ ಹಪ್ಪಳ, ಸಂಡಿಗೆ, ಮಳೆಗಾಲಕ್ಕೆ ಸೌದೆ ಸೇರಿಸುವ ಕೆಲಸ. ಹೆಂಗಸರಿಗೆ ವರ್ಷದಲ್ಲೇ ಅತಿ ಕಡಿಮೆ ಬಿಡುವು ಇರುವ ತಿಂಗಳುಗಳು ಅವು. ಅದೇ ಹೊತ್ತಿಗೆ ಬೆಂಗಳೂರಿನಿಂದ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಊರಿಗೆ ಬಂದು ಸೇರಿದರು. ಶಾಲೆ ಮುಚ್ಚಿತು. ಎರಡು ಎಲೆ ಹಾಕುತ್ತಿದ್ದ ಮನೆಗಳಲ್ಲಿ ಎಂಟು ಎಲೆ ಹಾಕಬೇಕಾಯಿತು.

ಆಗ ನಾನು ಕಂಡ ಬದಲಾವಣೆಯೂ ನಿಜವಾದದ್ದೇ. ಪೇಟೆಗೆ ಹೋಗುವಂತಿಲ್ಲ, ಅಂಗಡಿ ಕಟ್ಟೆಯ ಮೇಲೆ ಕೂರುವಂತಿಲ್ಲ ಎಂದಾದ ಮೇಲೆ ಗಂಡಸರು ಒಳಮನೆಗೆ ಬಂದರು. ಕಾಯಿ ತುರಿದರು, ಪಾತ್ರೆ ತೊಳೆದರು, ಬಚ್ಚಲ ಒಲೆಗೆ ಉರಿ ಹಾಕಿದರು, ಮಕ್ಕಳಿಗೆ ಸ್ನಾನ ಮಾಡಿಸಿದರು. ನಮ್ಮ ಬೀದಿಯಲ್ಲಿ ಮಾತ್ರ ಹೀಗಾದದ್ದಲ್ಲ. ಅರ್ಥಶಾಸ್ತ್ರಜ್ಞೆ ಅಶ್ವಿನಿ ದೇಶಪಾಂಡೆ ಅವರು ದೇಶದ ಕುಟುಂಬಗಳ ಅಂಕಿಗಳನ್ನು ಪರಿಶೀಲಿಸಿದಾಗಲೂ 2020ರ ಏಪ್ರಿಲ್‌ನಲ್ಲಿ ಗಂಡಸರು ಮನೆಗೆಲಸಕ್ಕೆ ಕೊಡುವ ಸಮಯ ಏರಿದ್ದು ಕಂಡಿತು. ಆಗಸ್ಟ್ ಹೊತ್ತಿಗೆ ಅದು ಮತ್ತೆ ಇಳಿದಿತ್ತು.

ನನ್ನನ್ನು ಕಾಡುವುದು ಆ ಇಳಿತ. ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡಿದ ಮಹಿಳೆಯರ ಸರಾಸರಿ ದಿನಕ್ಕೆ 299 ನಿಮಿಷ, ಪುರುಷರದ್ದು 97 ನಿಮಿಷ. ಈ 97 ಎಲ್ಲ ಗಂಡಸರ ಸರಾಸರಿಯಲ್ಲ, ಆ ದಿನ ಮನೆಗೆಲಸಕ್ಕೆ ಕೈ ಹಾಕಿದವರದ್ದು ಮಾತ್ರ. ಹಾಗೆ ಕೈ ಹಾಕಿದವರು ನೂರಕ್ಕೆ 26 ಮಂದಿ. 2024ರಲ್ಲಿ ಅದೇ ಸಮೀಕ್ಷೆ ಮತ್ತೆ ನಡೆಯಿತು. ಮಹಿಳೆಯರು 289, ಪುರುಷರು 88. ನಡುವೆ ಇಡೀ ಒಂದು ಮಹಾಮಾರಿ ಬಂದು ಹೋಗಿದೆ. ಗಂಡಸರ ಪಾಲು ಬೆಳೆದಿಲ್ಲ, ಒಂಬತ್ತು ನಿಮಿಷ ಕರಗಿದೆ.

ನಿಮ್ಮ ಮನೆಯಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ನಾನು ಕೇಳುತ್ತಿಲ್ಲ. ಆಗ ಕೈ ಬದಲಾದ ಕೆಲಸಗಳಲ್ಲಿ ಯಾವುದು ಉಳಿಯಿತು, ಯಾವುದು ಹಿಂತಿರುಗಿತು, ಏಕೆ? ಇಷ್ಟನ್ನು ಬರೆಯಿರಿ.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ:

ಮೇಡಂ, ಪ್ರಶ್ನೆ ಸರಿಯಾಗಿದೆ. ಆದರೆ ಲೆಕ್ಕದ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ತೋಟದ ಮನೆಯಲ್ಲಿ ಮನೆಗೆಲಸ ಎಲ್ಲಿ ಮುಗಿಯುತ್ತದೆ, ತೋಟದ ಕೆಲಸ ಎಲ್ಲಿ ಶುರುವಾಗುತ್ತದೆ? ಕೊಟ್ಟಿಗೆಗೆ ಸೊಪ್ಪು ತರುವುದು, ದರಗು (ಒಣಗಿದ ಎಲೆ) ಗುಡಿಸಿ ಹೊರುವುದು, ಸೌದೆ ಸೀಳುವುದು, ಗುಡ್ಡದ ಮೇಲಿಂದ ಬರುವ ಅಬ್ಬಿ ನೀರಿನ ಪೈಪು ಕಟ್ಟಿಕೊಂಡರೆ ಮಳೆಯಲ್ಲೇ ಹತ್ತಿ ಹೋಗಿ ಸರಿಮಾಡುವುದು, ಇವೆಲ್ಲ ಯಾವ ಅಂಕಣಕ್ಕೆ ಸೇರುತ್ತವೆ?

2020ರ ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ನಮಗೆ ಮರ ಹತ್ತುವ ಕೊನೆಗಾರರು ಸಿಗಲಿಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇವನ್ನು ಅಳೆದು ಬೇರೆ ಬೇರೆ ಕರಗಿಸಿ, ಡ್ರಮ್ಮಿನಲ್ಲಿ ಕೂಡಿಸಿಕೊಡುತ್ತಿದ್ದವಳು ನನ್ನ ಹೆಂಡತಿ. ಪೈಪು ಎಳೆಯುತ್ತಿದ್ದವನು ಮಗ. ಹೊಡೆದವನು ನಾನು. ಮೂವರೂ ಮನೆಯವರೇ, ಯಾರಿಗೂ ಕೂಲಿ ಇಲ್ಲ. ಇದನ್ನು ದುಡಿಮೆ ಎನ್ನಬೇಕೋ ಮನೆಗೆಲಸ ಎನ್ನಬೇಕೋ ಸಮೀಕ್ಷೆಯವರು ಹೇಳಲಿ. ಪಟ್ಟಣದ ದಂಪತಿಗೆ ಹೊಲಿದ ಅಂಗಿಯನ್ನು ನಮಗೆ ತೊಡಿಸಬಾರದು ಎಂಬುದಷ್ಟೇ ನನ್ನ ಮಾತು.

ಹೊಸನಗರದ ಶಿಕ್ಷಕಿ:

ತಕರಾರು ನ್ಯಾಯವಾಗಿದೆ. ಆ ಸಂಜೆಯ ಉಳಿದ ಭಾಗವನ್ನೂ ಬರೆದುಬಿಡಿ. ಔಷಧಿ ಹೊಡೆದು ಬಂದ ಮೇಲೆ ಮೂವರಿಗೂ ಬಿಸಿನೀರು ಕಾಯಿಸಿದವರು ಯಾರು? ಅಡುಗೆ ಯಾರದ್ದು? ಮೈಲುತುತ್ತದ ಕಲೆಯ ಬಟ್ಟೆ ಒಗೆದವರು ಯಾರು?

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ:

ಬಿಸಿನೀರು ನಾನು. ಉಳಿದೆರಡೂ ಅವಳು. ತಾಯಿಗೆ ಆಗಲೇ ಎಪ್ಪತ್ತು ದಾಟಿತ್ತು, ಅವರಿಂದ ಆಗುತ್ತಿರಲಿಲ್ಲ.

ಶಿವಮೊಗ್ಗದ ಬ್ಯಾಂಕ್ ಉದ್ಯೋಗಿ:

ನನ್ನ ಮನೆಯಲ್ಲಿ ಹಂಚಿಕೆ ಉಳಿಯಿತು. ಅದು ಹೇಗೆ ಎಂದು ವಿವರವಾಗಿ ಬರೆಯುತ್ತೇನೆ. ನಮ್ಮ ಯಜಮಾನರ ಗುಣವನ್ನು ಹೊಗಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಗುಣದಿಂದ ಮಾತ್ರ ಇದು ಆಗುತ್ತದೆ ಎಂದು ನಾನು ನಂಬುವುದೂ ಇಲ್ಲ.

ಲಾಕ್‌ಡೌನಿನಲ್ಲಿ ಬ್ಯಾಂಕ್ ಮುಚ್ಚಲಿಲ್ಲ. ಆ ಏಪ್ರಿಲ್‌ನಿಂದ ಜೂನ್‌ವರೆಗೆ ಜನ್‌ಧನ್ ಖಾತೆಯ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. ನೂಕುನುಗ್ಗಲು ಆಗದಿರಲೆಂದು ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಹಂಚಿದ್ದರು. ಆದರೂ ಬಿಸಿಲಿನಲ್ಲಿ ಉದ್ದನೆಯ ಸಾಲು ಇರುತ್ತಿತ್ತು. ಸುತ್ತಲ ಹಳ್ಳಿಗಳಿಂದ ಬಸ್ಸಿಲ್ಲದೆ ನಡೆದು ಬಂದವರಿದ್ದರು. ಮೇ 10ರಂದು ಜಿಲ್ಲೆಯಲ್ಲಿ ಮೊದಲ ಸೋಂಕು ಪತ್ತೆಯಾಗುವವರೆಗೆ ನಾವು ಹಸಿರು ವಲಯ. ಆಮೇಲೆ ಕೌಂಟರಿನಲ್ಲಿ ಕುಳಿತವರಿಗೆ ಭಯ ಬೇರೆ.

ಯಜಮಾನರು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಕೆಲವು ತಿಂಗಳು ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಅತ್ತೆಯವರು ದಾವಣಗೆರೆಯಲ್ಲಿ ನಾದಿನಿಯ ಮನೆಯಲ್ಲಿ ಸಿಕ್ಕಿಕೊಂಡಿದ್ದರು. ಮನೆಗೆಲಸದ ಅಮ್ಮ ಬರುವಂತಿರಲಿಲ್ಲ. ಅಂದರೆ ನಾನು ಬೆಳಿಗ್ಗೆ ಹೊರಟರೆ ಮನೆಯಲ್ಲಿ ಮಾಡಬೇಕಾದ ಯಾವ ಕೆಲಸಕ್ಕೂ ಅವರನ್ನು ಬಿಟ್ಟರೆ ಬೇರೆ ಕೈ ಇರಲಿಲ್ಲ. ನನ್ನ ಸಮಯವನ್ನು ಯಾರೂ ಎಳೆದು ಬಗ್ಗಿಸಲಾಗುತ್ತಿರಲಿಲ್ಲ. ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತು ನಮ್ಮ ಮನೆಯ ಅನುಕೂಲ ಕೇಳುವುದಿಲ್ಲ. ಮೊದಲ ವಾರ ಫೋನ್ ಮಾಡಿ ಕೇಳುತ್ತಿದ್ದರು, ಸಾರಿಗೆ ಹುಳಿ ಎಷ್ಟು, ಮಗುವಿನ ಔಷಧಿ ಎಲ್ಲಿದೆ. ಕೌಂಟರಿನಲ್ಲಿ ಕುಳಿತು ಉತ್ತರಿಸಲು ನನಗೆ ಆಗುತ್ತಿರಲಿಲ್ಲ. ಕೇಳುವುದು ತಾನಾಗಿ ನಿಂತಿತು. ಔಷಧಿ ಎಲ್ಲಿದೆ ಎಂದು ತಿಳಿದುಕೊಂಡರು, ಮುಗಿಯುವ ಮೊದಲೇ ತರಿಸಿದರು.

ಈಗ ಅವರಿಗೆ ಬೇರೆ ಕಾಲೇಜಿನಲ್ಲಿ ಕೆಲಸವಿದೆ. ಅತ್ತೆಯವರೂ ಬಂದಿದ್ದಾರೆ. ಆದರೂ ಬೆಳಗಿನ ಅಡುಗೆ, ಮಗುವಿನ ಶಾಲೆಯ ವಿಚಾರ, ಗ್ಯಾಸ್, ದಿನಸಿ ಇವು ಅವರದ್ದೇ. ಅತ್ತೆಯವರಿಗೆ ಮೊದಲು ಇದು ಸಂಕಟವಾಗಿತ್ತು. ಮಗ ಒಲೆಯ ಮುಂದೆ ನಿಂತದ್ದನ್ನು ನೋಡಲಾರದೆ ತಾವೇ ಸೌಟು ಹಿಡಿಯಲು ಬರುತ್ತಿದ್ದರು. “ಅಮ್ಮ, ಇದು ನನ್ನ ಕೆಲಸ, ನೀನು ಕೂತುಕೋ” ಎಂದು ಹೇಳಿದವರು ಅವರೇ. ಆ ಮಾತನ್ನು ನಾನು ಹೇಳಿದ್ದರೆ ಜಗಳವಾಗುತ್ತಿತ್ತು.

ಸಾಗರದ ಕಡೆಯ ಸೊಸೆ:

ಶಿವಮೊಗ್ಗದ ಅಕ್ಕ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನ್ನ ಸಮಯವನ್ನು ಎಲ್ಲರೂ ಬಗ್ಗಿಸಬಹುದಾಗಿತ್ತು. ನನ್ನ ಕಥೆ ಬೇರೆಯಾದದ್ದು ಅಲ್ಲೇ.

ನಾವಿಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆವು. ಸಂಬಳದಲ್ಲಿ ಹೆಚ್ಚು ವ್ಯತ್ಯಾಸವೂ ಇರಲಿಲ್ಲ. 2020ರಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಶುರುಮಾಡಿದೆವು. ಉಪ್ಪರಿಗೆಯ ಕೋಣೆಯಲ್ಲಿ ಮಾತ್ರ ಸ್ವಲ್ಪ ಸಿಗ್ನಲ್. ಅಲ್ಲಿ ಮೇಜು, ಕುರ್ಚಿ, ಬಾಗಿಲು ಎಲ್ಲವೂ ಇತ್ತು. ಆ ಕೋಣೆ ಇವರಿಗೆ ಹೋಯಿತು. ಯಾರೂ ಕುಳಿತು ತೀರ್ಮಾನಿಸಿದ್ದಲ್ಲ, ಹಾಗೇ ಆಯಿತು. ನನಗೆ ಲ್ಯಾಂಡ್‌ಲೈನ್ ತಂತಿ ಇದ್ದ ನಡುಮನೆ. ಅಡುಗೆಮನೆಯ ಬಾಗಿಲು ಅದಕ್ಕೇ ತೆರೆದುಕೊಳ್ಳುತ್ತದೆ. ಮೀಟಿಂಗಿನಲ್ಲಿರುವಾಗ ಹಾಲಿನವನು ಬಂದರೆ ನಾನು, ಕೊರಿಯರ್ ಬಂದರೆ ನಾನು, ಮಾವನಿಗೆ ಕಷಾಯ ಕೊಡುವುದು ನಾನು, ಮಗಳು ಅತ್ತರೆ ನಾನು. ಉಪ್ಪರಿಗೆ ಹತ್ತಿ ಇವರನ್ನು ಕರೆಯಲು ಎಲ್ಲರಿಗೂ ಸಂಕೋಚ, “ಅವನಿಗೆ ಆಫೀಸಿನ ಕೆಲಸ ಇದೆ” ಎನ್ನುತ್ತಿದ್ದರು. ನನಗೂ ಅದೇ ಆಫೀಸಿನ ಕೆಲಸ ಇತ್ತು.

ಇವರು ಮಾಡಲಿಲ್ಲವೆಂದಲ್ಲ. ಭಾನುವಾರ ದೋಸೆ ಹೊಯ್ದರು, ರಾತ್ರಿ ಪಾತ್ರೆ ತೊಳೆದರು, ಮಗಳನ್ನು ಮಲಗಿಸಿದರು. ಅದನ್ನು ಮನೆಯವರು, ನೆಂಟರು ನೋಡಿ ಬಾಯ್ತುಂಬ ಮೆಚ್ಚಿದರು. ಆದರೆ ಅವರ ಬೆಳಗಿನ ಒಂಬತ್ತರಿಂದ ಸಂಜೆ ಆರರ ಹೊತ್ತನ್ನು ಯಾರೂ ಮುಟ್ಟಲಿಲ್ಲ. ನನ್ನದನ್ನು ಚೂರು ಚೂರು ಮಾಡಿದರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರಿಗೆ ಮೊದಲು ಉಪ್ಪರಿಗೆಯ ಕಂಪ್ಯೂಟರ್. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ನನಗೆ ಕಡಿಮೆ ಅಂಕ ಬಂತು. 2021ರ ಎರಡನೇ ಅಲೆಯಲ್ಲಿ ಅತ್ತೆ ಮಾವ ಇಬ್ಬರೂ ಮಲಗಿದಾಗ ನಾನು ರಾಜೀನಾಮೆ ಕೊಟ್ಟೆ. ಎಲ್ಲರೂ ಅದನ್ನು ನನ್ನ ಸ್ವಂತ ನಿರ್ಧಾರ ಎನ್ನುತ್ತಾರೆ. ಹೌದು, ಪತ್ರಕ್ಕೆ ಸಹಿ ಹಾಕಿದವಳು ನಾನೇ.

ಹೊಸನಗರದ ಶಿಕ್ಷಕಿ:

ತಂಗಿ, ಇದನ್ನು ಇಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ನಿಮಗೆ ಋಣಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಹೊರತಂದ ದುಡಿಮೆಯ ವರದಿಯಲ್ಲಿ ಒಂದು ಅಂಕಿ ಇದೆ. ಮೊದಲು ದುಡಿಯುತ್ತಿದ್ದವರ ಪೈಕಿ 2020ರಲ್ಲಿ ಕೆಲಸ ಕಳೆದುಕೊಂಡು ವರ್ಷದ ಕೊನೆಗೂ ಮರಳದ ಗಂಡಸರು ನೂರಕ್ಕೆ 7, ಹೆಂಗಸರು ನೂರಕ್ಕೆ 47. ಈ 47ರಲ್ಲಿ ಕಾರ್ಖಾನೆ ಮುಚ್ಚಿ ಹೊರಬಿದ್ದವರು ಇದ್ದಾರೆ. ನಡುಮನೆಯಲ್ಲಿ ಹೊತ್ತು ಚೂರಾಗಿ ಹೊರಬಂದವರೂ ಇದ್ದೇ ಇರುತ್ತಾರೆ.

ಮನೆಗೆಲಸವನ್ನೂ ಸಂಬಳದ ಕೆಲಸವನ್ನೂ ನಾವು ಎರಡು ಬೇರೆ ಚರ್ಚೆ ಮಾಡಿಕೊಂಡಿದ್ದೇವೆ. ಗಂಡ ಪಾತ್ರೆ ತೊಳೆದನೇ ಎಂಬುದೊಂದು, ಹೆಂಡತಿ ಕೆಲಸಕ್ಕೆ ಹೋಗುತ್ತಾಳೆಯೇ ಎಂಬುದಿನ್ನೊಂದು. ನಿಮ್ಮಿಬ್ಬರ ಬರಹ ಓದಿದ ಮೇಲೆ ನನಗೆ ಅವು ಒಂದೇ ಎನಿಸುತ್ತಿದೆ. ಹೆಂಡತಿಯ ದುಡಿಮೆಯ ಹೊತ್ತನ್ನು ಮುಟ್ಟಬಾರದು ಎಂದು ಯಾವ ಮನೆ ಒಪ್ಪಿತೋ ಅಲ್ಲಿ ಮಾತ್ರ ಗಂಡಸರ ಕೈಯಲ್ಲಿ ಮನೆಗೆಲಸ ನಿಂತಿತು. ಉಳಿದ ಮನೆಗಳಲ್ಲಿ ಅದು ಬಿಡುವಿನ ಕೆಲಸವಾಗಿತ್ತು. ಬಿಡುವು ಮುಗಿಯಿತು, ಕೆಲಸವೂ ಮುಗಿಯಿತು.

ಭದ್ರಾವತಿಯ ನಿವೃತ್ತ ನೌಕರ:

ನಾನು ಹಳೆಯ ಕಾಲದವನು. ನಮ್ಮ ತಾಯಂದಿರು ಇದಕ್ಕಿಂತ ಹೆಚ್ಚು ಮಾಡಿದರು, ನಿಮಿಷ ಎಣಿಸಲಿಲ್ಲ. ನಾನು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವಾಗ ನಮ್ಮವಳು ಎದ್ದು ಕಾದಿರುತ್ತಿದ್ದಳು. ಎಣಿಸಲು ಶುರುಮಾಡಿದರೆ ಸಂಸಾರದಲ್ಲಿ ಪ್ರೀತಿ ಉಳಿಯುತ್ತದೆಯೇ ಎಂಬ ಕಳವಳ ನನ್ನದು. ಅನ್ಯಥಾ ಭಾವಿಸಬೇಡಿ.

ಶಿವಮೊಗ್ಗದ ಬ್ಯಾಂಕ್ ಉದ್ಯೋಗಿ:

ಸರ್, ನಿಮ್ಮ ಕಳವಳ ಅರ್ಥವಾಗುತ್ತದೆ. ಆದರೆ ಆಗಿನ ಮನೆಯಲ್ಲಿ ಇಬ್ಬರು ಮೂವರು ವಾರಗಿತ್ತಿಯರು, ಒಬ್ಬರು ಅಜ್ಜಿ, ಹೊರಗೆಲಸಕ್ಕೆ ಒಬ್ಬರು ಇರುತ್ತಿದ್ದರು. ಇಂದು ಅದೇ ಪ್ರಮಾಣದ ಕೆಲಸಕ್ಕೆ ಒಬ್ಬಳೇ ಇದ್ದಾಳೆ, ಅವಳಿಗೆ ಕಚೇರಿಯೂ ಇದೆ. ಎಣಿಸುವುದು ಪ್ರೀತಿ ಕಡಿಮೆಯಾಗಿ ಅಲ್ಲ, ಅವಳ ನಿದ್ದೆ ಕಡಿಮೆಯಾಗಿ. ನಿಮ್ಮ ಮನೆಯವರೂ ಪಾಳಿಯಷ್ಟೇ ಎಚ್ಚರವಿದ್ದರು ಎಂದು ನೀವೇ ಬರೆದಿದ್ದೀರಿ.

ಭದ್ರಾವತಿಯ ನಿವೃತ್ತ ನೌಕರ:

ಅದು ನಿಜ ತಾಯಿ. ನನಗೆ ಮರುದಿನ ಮಲಗಲು ಹಗಲು ಇತ್ತು, ಅವಳಿಗೆ ಇರಲಿಲ್ಲ.

ಸೊರಬದ ಆಶಾ ಕಾರ್ಯಕರ್ತೆ:

ಎಲ್ಲರೂ ಮನೆಯೊಳಗೆ ಕುಳಿತಾಗ ನಾವು ಹೊರಗೆ ಇದ್ದೆವು. ಆ ಕಡೆಯ ಮಾತನ್ನೂ ಕೇಳಿ.

ಬೇಸಿಗೆ ಎಂದರೆ ನಮ್ಮ ತಾಲ್ಲೂಕಿಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಆ ರೋಗ ಮೊದಲು ಗುರುತಾದದ್ದೇ ನಮ್ಮ ಕ್ಯಾಸನೂರು ಕಾಡಿನಲ್ಲಿ. ಅದರ ಮೇಲೆ ಕೊರೊನಾ. ಒಂದೇ ಮನೆಗೆ ಹೋದಾಗ ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ ಎಂದೂ ಹೇಳಬೇಕು, ಬೆಂಗಳೂರಿನಿಂದ ಯಾರು ಬಂದಿದ್ದಾರೆ ಎಂದೂ ಬರೆದುಕೊಳ್ಳಬೇಕು. ಬಂದವರ ಹೆಸರು ಬರೆದರೆ ಮನೆಯವರಿಗೆ ಸಿಟ್ಟು, ಬರೆಯದಿದ್ದರೆ ಮೇಲಿನವರಿಗೆ ಸಿಟ್ಟು. ರಾಜ್ಯದ ಆಶಾ ಕಾರ್ಯಕರ್ತೆಯರು 2020ರ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ನಿಗದಿತ ಗೌರವಧನ ಕೇಳಿ ಮುಷ್ಕರ ಮಾಡಿದ್ದು ನಿಮಗೆ ನೆನಪಿರಬಹುದು. ನಾನೂ ಇದ್ದೆ.

ನಮ್ಮವರು ಆಟೋ ಓಡಿಸುತ್ತಾರೆ. ಆಟೋ ನಿಂತಿತ್ತು. ಮನೆಗೆ ಬರುತ್ತಿದ್ದ ಹಣ ನನ್ನದು ಮಾತ್ರ. ಬಾವಿಯಿಂದ ನೀರು, ಮಕ್ಕಳ ಊಟ, ಕೊಟ್ಟಿಗೆ ಇವನ್ನು ಅವರು ನೋಡಿಕೊಂಡರು. ನಾನು ಬಂದ ಕೂಡಲೇ ಹಿತ್ತಲಲ್ಲೇ ಸ್ನಾನ ಮಾಡಿ ಬಟ್ಟೆ ನೆನೆಸಿ ಒಳಗೆ ಬರುತ್ತಿದ್ದೆ. ಆ ಬಟ್ಟೆಯನ್ನೂ ಅವರೇ ಒಗೆದರು. ಆದರೆ ಬಾವಿಕಟ್ಟೆಯ ಒಗೆಯುವ ಕಲ್ಲಿನ ಮೇಲೆ ಒಗೆಯಲಿಲ್ಲ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಒಗೆದರು. ಒಣಗಲು ಹಾಕುವವಳು ಮಾತ್ರ ನಾನು. ಅವರಿಗೆ ಕೆಲಸ ಕಷ್ಟವಾಗಲಿಲ್ಲ, ಕೇರಿಯ ಕಣ್ಣು ಕಷ್ಟವಾಯಿತು. ಗಂಡಸರು ಮನೆಗೆಲಸ ಬಿಟ್ಟದ್ದೇಕೆ ಎಂದು ಕೇಳಿದಿರಲ್ಲ ಮೇಡಂ, ನಮ್ಮಂಥ ಕಡೆ ಇದು ದೊಡ್ಡ ಕಾರಣ. ಲಾಕ್‌ಡೌನಿನಲ್ಲಿ ಯಾರೂ ಯಾರ ಮನೆಗೂ ಬರುತ್ತಿರಲಿಲ್ಲ. ಜನ ಬರಲು ಶುರುವಾದ ಮೇಲೆ ಗಂಡಸರು ಹೊರಗೆ ಹೋದರು.

ಈಗ ನಮ್ಮಲ್ಲಿ ಏನು ಉಳಿದಿದೆ ಎಂದರೆ ನೀರು ಮತ್ತು ಕೊಟ್ಟಿಗೆ. ಒಗೆಯುವುದು ನನಗೇ ಬಂತು.

ಶಿವಮೊಗ್ಗದ ಹೋಟೆಲ್ ಅಡುಗೆಯವನು:

ಅಕ್ಕನ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಗಂಡಸರಿಗೆ ಅಡುಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಲೆನಾಡಿನ ಮದುವೆ, ಉಪನಯನ, ಸಂತರ್ಪಣೆ ಯಾವುದಕ್ಕೂ ಹೋಗಿ ನೋಡಿ. ಸಾವಿರ ಎಲೆಗೆ ಅಡುಗೆ ಮಾಡುವವರು ಗಂಡಸರೇ. ಹೋಟೆಲಿನಲ್ಲಿ ನಾನು ಬೆಳಗಿನ ಜಾವ ಎದ್ದು ಇಡ್ಲಿ ಹಿಟ್ಟಿನಿಂದ ಸಂಜೆಯ ಬಜ್ಜಿಯವರೆಗೆ ಮಾಡುತ್ತಿದ್ದೆ. ಮನೆಗೆ ಬಂದರೆ ಹೆಂಡತಿ ಬಡಿಸುತ್ತಿದ್ದಳು. ಅವಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂತು ಬಂದವಳು.

ಹೋಟೆಲ್ ಮುಚ್ಚಿತು. ಕಾರ್ಖಾನೆಯೂ ಮುಚ್ಚಿತು, ಆದರೆ ಅದು ಮೊದಲು ತೆರೆಯಿತು. ಹೋಟೆಲಿನಲ್ಲಿ ಬಹಳ ದಿನ ಪಾರ್ಸೆಲ್ ಮಾತ್ರ, ನನಗೆ ಕೆಲಸವಿಲ್ಲ. ಅವಳು ಹೊರಡುವ ಮೊದಲು ಡಬ್ಬಿ ಕಟ್ಟಿಕೊಡುವುದು ನನ್ನದಾಯಿತು. ಅವಳ ಲೈನಿನ ಹೆಂಗಸರೆಲ್ಲ ಅವಳ ಡಬ್ಬಿಗೆ ಕಾಯುತ್ತಿದ್ದರಂತೆ. ಈಗ ಹೋಟೆಲ್ ಮೊದಲಿನಂತೆಯೇ ನಡೆಯುತ್ತಿದೆ. ನಾನು ಮಾಲೀಕರಿಗೆ ಹೇಳಿ ಮಧ್ಯಾಹ್ನದ ಪಾಳಿ ತೆಗೆದುಕೊಂಡಿದ್ದೇನೆ. ಸ್ವಲ್ಪ ಸಂಬಳ ಕಡಿಮೆ, ಆದರೆ ಅವಳ ಹಾಜರಾತಿ ಬೋನಸ್ ತಪ್ಪುವುದಿಲ್ಲ. ಇಬ್ಬರ ದುಡಿಮೆಯನ್ನೂ ಕೂಡಿಸಿ ನೋಡಿದರೆ ಮನೆಗೆ ನಷ್ಟವಿಲ್ಲ. ಗಂಡಸರು ತಮ್ಮ ಸಂಬಳವನ್ನಷ್ಟೇ ನೋಡದೆ ಮನೆಯ ಒಟ್ಟು ಹಣವನ್ನು ನೋಡಬೇಕು ಎನ್ನುತ್ತೇನೆ.

ಸಾಗರದ ಕಡೆಯ ಸೊಸೆ:

ಅಣ್ಣ, ನೀವು ಪಾಳಿ ಬದಲಿಸಿಕೊಂಡಿರಿ. ಗಂಡಸರು ತಮ್ಮ ಹೊತ್ತನ್ನು ಬಗ್ಗಿಸಿದ್ದನ್ನು ಈ ಚರ್ಚೆಯಲ್ಲಿ ಮೊದಲ ಸಲ ಓದುತ್ತಿದ್ದೇನೆ.

ಹೊಸನಗರದ ಶಿಕ್ಷಕಿ:

ಮಕ್ಕಳ ಓದಿನ ವಿಚಾರ ಇನ್ನೂ ಬಂದಿಲ್ಲ. ನಾನು ಹತ್ತಿರದಿಂದ ಕಂಡದ್ದು ಅದನ್ನೇ, ಹಾಗಾಗಿ ಉದ್ದವಾದರೂ ಬರೆಯುತ್ತೇನೆ.

1ರಿಂದ 5ನೇ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಪುಟ್ಟ ಮಕ್ಕಳ ಶಾಲೆ ಮನೆಯೊಳಗೆ ಇತ್ತು. ನಡುವೆ 2020ರ ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಬಂತು, ನಾವು ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಮೇಲೆ ಎಲ್ಲವೂ ಮೊಬೈಲ್.

ಮೊಬೈಲ್ ಯಾರ ಕೈಯಲ್ಲಿತ್ತು? ನನ್ನ ತರಗತಿಯ ಹೆಚ್ಚಿನ ಮನೆಗಳಲ್ಲಿ ಇದ್ದ ಒಂದೇ ಒಳ್ಳೆಯ ಫೋನ್ ಅಪ್ಪನದು. ಅದು ಅಪ್ಪನ ಜೊತೆ ತೋಟಕ್ಕೆ, ಪೇಟೆಗೆ ಹೋಗುತ್ತಿತ್ತು. ಆದರೆ ಪಾಠ ಮುಗಿಸಿಲ್ಲ ಏಕೆ ಎಂದು ನಾವು ಕೇಳುತ್ತಿದ್ದುದು ಅಮ್ಮನನ್ನು. ಸಂಜೆ ಫೋನ್ ಮನೆಗೆ ಬಂದ ಮೇಲೆ, ಒಲೆಯ ಮೇಲೆ ಅನ್ನ ಇಟ್ಟು, ಅಮ್ಮ ಮಗುವಿನ ಪಕ್ಕ ಕೂತು ಅಭ್ಯಾಸ ಹಾಳೆ ಮಾಡಿಸುತ್ತಿದ್ದಳು. ಉಪಕರಣ ಒಬ್ಬರ ಬಳಿ, ಹೊಣೆ ಇನ್ನೊಬ್ಬರ ಮೇಲೆ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ಎಲ್ಲರ ಫೋನಿಗೂ ಬಂದಿತ್ತು. ಮಳೆಯಲ್ಲಿ ರಸ್ತೆ ಬದಿ ಕೂತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಕೊಡೆ ಹಿಡಿದು ನಿಂತಿದ್ದಾರೆ. ನನಗೆ ಆ ತಂದೆಯ ಬಗ್ಗೆ ಗೌರವವಿದೆ, ಆ ಚಿತ್ರ ನೋಡಿ ಕಣ್ಣು ತುಂಬಿತ್ತು. ಮಲೆನಾಡಿನಲ್ಲೂ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ ಮಕ್ಕಳಿದ್ದರು, ಜೊತೆಗೆ ಹೋದ ಅಪ್ಪಂದಿರಿದ್ದರು. ಹಾಗೆ ನಿಂತ ಅಪ್ಪಂದಿರು ಆ ದಿನಗಳಲ್ಲಿ ಮಗಳ ಪಾಠ ಯಾವುದು, ಪರೀಕ್ಷೆ ಯಾವಾಗ ಎಂದೂ ತಿಳಿದುಕೊಂಡರು. ಶಾಲೆ ತೆರೆದ ಮೇಲೂ ಪೋಷಕರ ಸಭೆಗೆ ಬಂದ ಕೆಲವೇ ಗಂಡಸರಲ್ಲಿ ಅವರಿದ್ದರು. ಇದನ್ನು ನಾನು ವರ್ಷ ವರ್ಷ ಗಮನಿಸಿದ್ದೇನೆ. ಒಂದು ಕೆಲಸದ ಪೂರ್ತಿ ಹೊಣೆ ಹೊತ್ತವರು ಅದನ್ನು ಸುಲಭವಾಗಿ ಬಿಡುವುದಿಲ್ಲ. ಹೇಳಿದ್ದನ್ನು ಮಾತ್ರ ಮಾಡಿದವರು, ಹೇಳುವುದು ನಿಂತ ದಿನವೇ ಬಿಡುತ್ತಾರೆ. ಬ್ಯಾಂಕಿನ ಅಕ್ಕನ ಮನೆಯವರು ಔಷಧಿ ಮುಗಿಯುವ ಮೊದಲೇ ತರಿಸಲು ಕಲಿತರಲ್ಲ, ಅಲ್ಲಿ ಹಂಚಿಕೆ ಗಟ್ಟಿಯಾಯಿತು.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ:

ಎಲ್ಲವನ್ನೂ ಓದಿದೆ. ಪಾಳಿ, ಕಚೇರಿ, ಹಾಜರಾತಿ ಇರುವವರಿಗೆ ಹೊತ್ತನ್ನು ಕಾಪಾಡುವುದು ಎಂದರೆ ಏನೆಂದು ತಿಳಿಯಿತು. ನನ್ನ ಹೆಂಡತಿಗೆ ಕಚೇರಿ ಇಲ್ಲ. ಹಾಗಾದರೆ ಅವಳ ದುಡಿಮೆಯ ಹೊತ್ತು ಯಾವುದು?

ಅಡಿಕೆ ಕೊನೆ ಕೊಯ್ಲಿನ ತಿಂಗಳುಗಳನ್ನೇ ನೋಡಿ. 2020ರ ಕೊನೆಯಲ್ಲಿ ಸುಲಿಯಲು ಹೊರಗಿನವರನ್ನು ಕರೆಯಲು ಹೆದರಿಕೆ, ಬರಲು ಅವರಿಗೂ ಹೆದರಿಕೆ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಅವಳು, ತಂಗಿ, ನಾನು. ಬೆಳಿಗ್ಗೆ ಅವಳು ಮೊದಲು ಎದ್ದು ತಿಂಡಿ. ಬೇಯಿಸುವುದು, ಅಂಗಳದಲ್ಲಿ ಹರಡುವುದು, ಮೋಡ ಕಂಡರೆ ಓಡಿ ಬಾಚುವುದು ಎಲ್ಲದರಲ್ಲೂ ಅವಳಿದ್ದಳು. ರಾಶಿ ಇಡಿ ಅಡಿಕೆಯನ್ನು ಮೂಟೆ ಕಟ್ಟಿ ಮಂಡಿಗೆ ಹೋದಾಗ ಚೀಟಿ ನನ್ನ ಹೆಸರಿಗೆ, ಹಣ ನನ್ನ ಖಾತೆಗೆ. ಹೊರಗಿನವರು ಸುಲಿದಿದ್ದರೆ ತೂಕ ಹಾಕಿ ಕೂಲಿ ಕೊಡುತ್ತಿದ್ದೆ. ಲೆಕ್ಕದ ಪುಸ್ತಕದಲ್ಲಿ ಆ ವರ್ಷ ಸುಲಿತದ ಖರ್ಚು ಸೊನ್ನೆ ಎಂದಿದೆ. ಈ ಸೊನ್ನೆಯನ್ನು ಸರಿಪಡಿಸುವುದು ಹೇಗೆ? ಹೆಂಡತಿಗೆ ಕೂಲಿ ಕೊಡುವುದು ಎಂದರೆ ಊರಿನವರು ಏನೆಂದುಕೊಂಡಾರು ಎಂಬುದೂ ಇದೆ. ಅದನ್ನು ಬದಿಗಿಟ್ಟು ಕೇಳುತ್ತಿದ್ದೇನೆ.

ಶಿವಮೊಗ್ಗದ ವಕೀಲೆ:

ಬೆಳೆಗಾರರೇ, ನಿಮ್ಮ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆಯೂ ಬೇರೆ ರೂಪದಲ್ಲಿ ಬಂದಿತ್ತು. ರಸ್ತೆ ಅಪಘಾತದಲ್ಲಿ ತೀರಿಹೋದ ದಂಪತಿಯ ಪರಿಹಾರದ ಪ್ರಕರಣದಲ್ಲಿ 2021ರ ಜನವರಿ 5ರಂದು ತೀರ್ಪು ಬಂತು. ನ್ಯಾಯಮೂರ್ತಿ ಎನ್.ವಿ. ರಮಣ ಅವರು ಶಿಕ್ಷಕಿಯವರು ಹೇಳಿದ ಅದೇ 299 ಮತ್ತು 97 ನಿಮಿಷಗಳನ್ನು ತಮ್ಮ ಬರಹದಲ್ಲಿ ಉಲ್ಲೇಖಿಸಿ, ಗೃಹಿಣಿಯ ದುಡಿಮೆಗೆ ಆದಾಯದ ಬೆಲೆ ಕಟ್ಟಲೇಬೇಕು ಎಂದರು. ಗ್ರಾಮೀಣ ಮಹಿಳೆಯರು ಬಿತ್ತನೆ, ಕೊಯ್ಲು, ದನಕರುಗಳ ಕೆಲಸದಲ್ಲೂ ಪಾಲುಗೊಳ್ಳುತ್ತಾರೆ ಎಂಬುದನ್ನೂ ಗುರುತಿಸಿದರು. ನನ್ನ ನೋವೆಂದರೆ ಆ ಬೆಲೆ ನ್ಯಾಯಾಲಯಕ್ಕೆ ಬರುವುದು ಆಕೆ ಸತ್ತ ಮೇಲೆ. ಬದುಕಿರುವಾಗಲೇ ನಿಮ್ಮ ಪುಸ್ತಕದಲ್ಲಿ ಬರೆದರೆ ಅದಕ್ಕಿಂತ ಒಳ್ಳೆಯದು ಯಾವುದಿದೆ?

ಸೊರಬದ ಆಶಾ ಕಾರ್ಯಕರ್ತೆ:

ಉದ್ಯೋಗ ಖಾತ್ರಿಯನ್ನು ನೋಡಿ ಅಣ್ಣ. 2020ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ದಿನಕ್ಕೆ 275 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಅಷ್ಟೇ, ಅವರವರ ಖಾತೆಗೆ. ನಮ್ಮೂರಿನ ಹೆಂಗಸರು ಆ ವರ್ಷ ಕೆರೆ ಹೂಳು ತೆಗೆಯಲು ಹೋದಾಗ ಮನೆಯಲ್ಲಿ ಗಂಡಸರು ಗಂಜಿ ಮಾಡಿಟ್ಟದ್ದನ್ನು ಕಂಡಿದ್ದೇನೆ. ಖಾತೆಗೆ ಬರುವ ಹಣಕ್ಕೆ ಅಷ್ಟು ಬಲವಿದೆ.

ಭದ್ರಾವತಿಯ ನಿವೃತ್ತ ನೌಕರ:

ಈಗ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದಲ್ಲ, ಅದರಿಂದ ಏನಾದರೂ ಬದಲಾಯಿತೇ?

ಸೊರಬದ ಆಶಾ ಕಾರ್ಯಕರ್ತೆ:

ಕೈಯಲ್ಲಿ ಸ್ವಂತ ಹಣ ಬಂತು, ಮಗಳ ಪುಸ್ತಕಕ್ಕೆ, ತವರಿಗೆ ಹೋಗುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. 2023ರಲ್ಲಿ ಅದು ಬಂದಾಗ ನಮ್ಮ ಕೇರಿಯ ಹೆಂಗಸರ ಮುಖ ನೋಡಬೇಕಿತ್ತು. ಆದರೆ ಅದು ಸರ್ಕಾರದ ಹಣ. ಅದಕ್ಕಾಗಿ ಯಾವ ಗಂಡಸೂ ಬಟ್ಟೆ ಒಗೆಯಬೇಕಾಗಿಲ್ಲ. ಎರಡೂ ಬೇಕು.

ಶಿವಮೊಗ್ಗದ ಬ್ಯಾಂಕ್ ಉದ್ಯೋಗಿ:

ಬೆಳೆಗಾರರಿಗೆ ಕೆಲಸಕ್ಕೆ ಬರುವ ಉತ್ತರ ಕೊಡುತ್ತೇನೆ. ಕೂಲಿ ಎಂದು ಬರೆಯಲು ಮನಸ್ಸಿಲ್ಲದಿದ್ದರೆ ಬಿಡಿ. ಅಂಗಳಕ್ಕೆ ಒಂದು ತಕ್ಕಡಿ ಇದೆ, ಹೊರಗಿನವರು ಸುಲಿದದ್ದನ್ನು ತೂಗುವಂತೆ ಮನೆಯವರು ಸುಲಿದದ್ದನ್ನೂ ತೂಗಿ. ದಿನದ ತೂಕ ಬರೆಯಿರಿ, ನಿಮ್ಮ ತಂಗಿಯದ್ದೂ ಸೇರಿಸಿ. ಆ ವರ್ಷ ಊರಿನಲ್ಲಿ ನಡೆಯುವ ದರವನ್ನೇ ಹಾಕಿ. ಮಂಡಿಯ ಹಣ ಬಂದ ದಿನ ಅಷ್ಟನ್ನು ಅವರವರ ಖಾತೆಗೆ ವರ್ಗಾಯಿಸಿ. ನಗದು ಕೊಡಬೇಡಿ, ನಗದು ಮನೆಯ ಖರ್ಚಿಗೆ ಹೋಗುತ್ತದೆ. ಅವರ ಹೆಸರಿನಲ್ಲಿ ಖಾತೆ ನಡೆಯುತ್ತಿದ್ದರೆ ನಾಳೆ ಅವರು ಸಾಲ ಕೇಳಲು ಬಂದಾಗ ನಮಗೂ ವಹಿವಾಟು ಕಾಣುತ್ತದೆ.

ಇನ್ನೊಂದು, ಸುಲಿಯುವ ಹೊತ್ತು ಅವರದ್ದು ಎಂದಾದ ಮೇಲೆ ಆ ತಿಂಗಳುಗಳಲ್ಲಿ ರಾತ್ರಿಯ ಅಡುಗೆ ಯಾರದು ಎಂಬುದನ್ನೂ ಕೊಯ್ಲಿಗೆ ಮೊದಲೇ ತೀರ್ಮಾನಿಸಿ. ಇಲ್ಲವಾದರೆ ಹಣ ಬಂದರೂ ನಿದ್ದೆ ಬರುವುದಿಲ್ಲ.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ:

ತೂಕ ಬರೆಯುವುದು ಸಾಧ್ಯ, ಈ ಕೊಯ್ಲಿನಿಂದಲೇ ಮಾಡುತ್ತೇನೆ. ಬೇಯಿಸಿ ಒಣಗಿಸುವ ಕೆಲಸಕ್ಕೆ ತೂಕ ಹಿಡಿಯುವುದಿಲ್ಲ, ಅದಕ್ಕೆ ದಿನದ ಲೆಕ್ಕ ಇಡಬೇಕಾದೀತು. ರಾತ್ರಿಯ ಅಡುಗೆ ನಾನು ಮತ್ತು ಮಗ. ಅನ್ನ, ತಂಬುಳಿ, ಹುರಿದ ಹಪ್ಪಳ, ಇಷ್ಟು ಇಬ್ಬರಿಗೂ ಬರುತ್ತದೆ. ಇವೆಲ್ಲವನ್ನೂ ಇಂದು ಅವಳಿಗೆ ಓದಿ ಹೇಳಿದೆ. ಅವಳದ್ದೊಂದು ಪ್ರಶ್ನೆ ಇದೆ, ಬ್ಯಾಂಕಿನ ಅಕ್ಕನವರಿಗೆ. ಸ್ವಸಹಾಯ ಸಂಘದಲ್ಲಿ ಅವಳಿಗೆ ಈಗಾಗಲೇ ಉಳಿತಾಯ ಖಾತೆ ಇದೆ. ಈ ಹಣ ಅದಕ್ಕೇ ಹೋಗಬೇಕೋ, ಬ್ಯಾಂಕಿನಲ್ಲಿ ಬೇರೆ ತೆರೆಯಬೇಕೋ?

ಶಿವಮೊಗ್ಗದ ಬ್ಯಾಂಕ್ ಉದ್ಯೋಗಿ:

ಬೇರೆ ತೆರೆಯಲು ಹೇಳಿ. ಸಂಘದ ಉಳಿತಾಯ ಗುಂಪಿನ ಲೆಕ್ಕದಲ್ಲಿರುತ್ತದೆ, ಸಾಲದ ಕಂತಿಗೂ ಅದಕ್ಕೂ ನಂಟಿರುತ್ತದೆ. ಇದು ಅವರೊಬ್ಬರ ದುಡಿಮೆಯ ಹಣ. ಆಧಾರ್, ಪಾನ್, ಎರಡು ಫೋಟೊ ತಂದರೆ ಸಾಕು. ಪಾನ್ ಇಲ್ಲದಿದ್ದರೆ ಶಾಖೆಯಲ್ಲೇ ಒಂದು ಅರ್ಜಿ ತುಂಬಿಸಿಕೊಳ್ಳುತ್ತಾರೆ. ಮೊಬೈಲ್ ಸಂಖ್ಯೆ ಕೊಡುವಾಗ ನಿಮ್ಮದನ್ನು ಕೊಡಬೇಡಿ, ಅವರದ್ದನ್ನೇ ಕೊಡಿ.